ಸ್ನಿಪೆಟ್ ಇಡೋಕೆ ಯಾವ್ದು ವಾಸಿ? ಚಾಟ್, ಗಿಸ್ಟ್, ಎಡಿಟರ್, ಬರೀ ಫೋಲ್ಡರ್, ಎಲ್ಲಾ ಬಳಸಿ ನೋಡಿದ್ಮೇಲೆ

ಕೋಡ್ ಬರೆಯೋರ ಹತ್ರ ಒಂದಷ್ಟು ಸ್ನಿಪೆಟ್, ಅಂದ್ರೆ ಕೋಡಿನ ತುಣುಕು, ಇದ್ದೇ ಇರ್ತವೆ, ಲಾಗ್ ಫೈಲಿಂದ ಎರರ್ ಮಾತ್ರ ಹೆಕ್ಕೋ ಒಂದು ಲೈನು, ಟೇಬಲ್ಲಲ್ಲಿ ಡೂಪ್ಲಿಕೇಟ್ ಹುಡುಕೋ ಕ್ವೆರಿ, ತಾರೀಕಿನ ಫಾರ್ಮ್ಯಾಟ್ ಬದಲಾಯಿಸೋ ಫಂಕ್ಷನ್ನು, ಹಿಂಗೆ. ಒಂದ್ಸಲ ಬರೆಯೋದೇನು ದೊಡ್ಡದಲ್ಲ. ಆರು ತಿಂಗಳಾದ್ಮೇಲೆ ಬೇಕು ಅಂದಾಗ ಅದು ಸಿಗಬೇಕು, ಇನ್ನೊಬ್ರಿಗೆ ಕೊಟ್ರೆ ಅವ್ರ ಮಷೀನಲ್ಲೂ ಓಡಬೇಕು. ಈ ಎರಡು ಲೆಕ್ಕ ಇಟ್ಕೊಂಡೇ ಹೋಲಿಸ್ತಿದೀನಿ.

ಚಾಟಿಂದ ಶುರು ಮಾಡ್ತೀನಿ, ಯಾಕಂದ್ರೆ ಹೆಚ್ಚಿನ ತುಣುಕುಗಳು ಕೈ ಬದಲಾಯಿಸೋದು ಅಲ್ಲೇ. ಕಳಿಸೋಕೆ ಸಲೀಸು, ಆದ್ರೆ ಕೋಡಿಗೆ ಅಷ್ಟು ಕೆಟ್ಟ ಜಾಗ ಇನ್ನೊಂದಿಲ್ಲ. ನೇರ ಕೊಟೇಶನ್ ಮಾರ್ಕು ಬಾಗಿರೋ ಮಾರ್ಕಾಗುತ್ತೆ, ಎರಡು ಹೈಫನ್ ಸೇರ್ಕೊಂಡು ಒಂದೇ ಉದ್ದ ಗೀಟಾಗುತ್ತೆ, ಅದನ್ನ ಕಾಪಿ ಮಾಡಿ ಟರ್ಮಿನಲ್‌ಗೆ ಹಾಕಿದ್ರೆ ಕಮ್ಯಾಂಡು ಎರರ್ ಕೊಡುತ್ತೆ, ಕಣ್ಣಿಗೆ ಮಾತ್ರ ಎಲ್ಲಾ ಸರಿಯಾಗೇ ಕಾಣ್ತಿರುತ್ತೆ, ಹಂಗಾಗಿ ತಪ್ಪು ಎಲ್ಲಿದೆ ಅಂತ ಗೊತ್ತಾಗೋಕೇ ಹೊತ್ತು ಹಿಡಿಯುತ್ತೆ. ಪೈಥಾನ್ ಆದ್ರೆ ಸಾಲಿನ ಮುಂದಿರೋ ಸ್ಪೇಸ್ ಹೋಯ್ತು ಅಂದ್ರೆ ಮುಗೀತು, ಆ ಇಂಡೆಂಟೇಶನ್ನೇ ಅಲ್ಲಿ ಅರ್ಥ. ಹಿಂದೆ ಮುಂದೆ ಮೂರು ಮೂರು ಬ್ಯಾಕ್‌ಟಿಕ್ (` ಚಿಹ್ನೆ) ಹಾಕಿ ಕಳಿಸಿದ್ರೆ ಸುಮಾರು ಆ್ಯಪ್‌ಗಳಲ್ಲಿ ಇದು ತಪ್ಪುತ್ತೆ, ದಯವಿಟ್ಟು ಅಷ್ಟಾದ್ರೂ ಮಾಡಿ. ಹುಡುಕೋ ವಿಷಯ ಮಾತ್ರ ಬಿಟ್ಟೇಬಿಡಿ.

ಗಿಟ್‌ಹಬ್ ಗಿಸ್ಟ್, ಅಂದ್ರೆ ಕೋಡ್ ತುಣುಕು ಹಾಕಿ ಲಿಂಕ್ ಕೊಡೋ ಜಾಗ, 2008ರಿಂದ ಇದೆ, ಕೊಡೋ ಕೆಲಸಕ್ಕೆ ಇವತ್ತಿಗೂ ನನ್ನ ಮೊದಲ ಆಯ್ಕೆ ಅದೇ. ಪ್ರತಿ ಗಿಸ್ಟೂ ಒಳಗಡೆ ಒಂದು ಗಿಟ್ ರೆಪೊನೇ (ಬದಲಾವಣೆಗಳ ಲೆಕ್ಕ ಇಡೋ ಕೋಡ್ ಸಂಗ್ರಹ), ಅದಕ್ಕೇ ಕ್ಲೋನ್ ಮಾಡಿ ನಮ್ಮ ಮಷೀನಿಗೆ ತಗೋಬಹುದು, ಫೋರ್ಕ್ ಮಾಡಿ ನಮ್ಮ ಅಕೌಂಟಿಗೆ ಕಾಪಿ ಮಾಡ್ಕೋಬಹುದು, ಯಾವಾಗ ಏನು ಬದಲಾಯ್ತು ಅಂತ ರಿವಿಷನ್ನಲ್ಲಿ ನೋಡಬಹುದು, ಲಿಂಕ್ ಒಂದೇ ಇರುತ್ತೆ ಒಳಗಿಂದು ಸರಿ ಮಾಡ್ತಾ ಹೋಗಬಹುದು. ಎರಡು ವಿಷಯ ಗೊತ್ತಿರಲಿ. ಸೀಕ್ರೆಟ್ ಗಿಸ್ಟ್ ಅಂದ್ರೆ ಬೇರೆಯವ್ರ ಹುಡುಕಾಟದಲ್ಲಿ ಬರಲ್ಲ ಅಷ್ಟೇ, ಲಿಂಕ್ ಸಿಕ್ಕಿದ ಯಾರು ಬೇಕಾದ್ರೂ ತೆಗೆದು ಓದಬಹುದು, ಪಾಸ್‌ವರ್ಡು, ಎಪಿಐ ಕೀ (ಪ್ರೋಗ್ರಾಮ್‌ಗಳು ಬಳಸೋ ಗುಟ್ಟಿನ ಕೀ) ಯಾವತ್ತೂ ಹಾಕ್ಬೇಡಿ. ಇನ್ನೊಂದು, ಅಲ್ಲಿ ಫೋಲ್ಡರ್ ಇಲ್ಲ, ಹೆಸರು, ವಿವರಣೆ ಸರಿಯಾಗಿ ಬರೀದೆ ಗುಡ್ಡೆ ಹಾಕ್ತಾ ಹೋದ್ರೆ ಆಮೇಲೆ ನಮ್ದನ್ನ ನಾವೇ ಹುಡುಕೋದು ಕಷ್ಟ. ಬರಹ ಅಂಟಿಸಿ ಲಿಂಕ್ ಕೊಡೋ ಪೇಸ್ಟ್‌ಬಿನ್ ಸೈಟು ಇದಕ್ಕಿಂತ ಹಳೇದು, 2002ರದ್ದು, ಇಷ್ಟು ಹೊತ್ತಾದ್ಮೇಲೆ ಅಳಿಸಿಹೋಗ್ಲಿ ಅಂತ ಹೇಳಬಹುದು, ಎರರ್ ಲಾಗ್ ತೋರ್ಸೋಕೆ ಸಾಕು. ಕೂಡಿಡೋಕಲ್ಲ.

ಎಡಿಟರ್ ಒಳಗಿನ ಸ್ನಿಪೆಟ್ಟಿನ ವೇಗ ಬೇರೆ ಯಾವುದಕ್ಕೂ ಇಲ್ಲ. ವಿಎಸ್ ಕೋಡ್ ಅನ್ನೋ ಎಡಿಟರಲ್ಲಿ ನಾಲ್ಕಕ್ಷರ ಟೈಪ್ ಮಾಡಿ ಟ್ಯಾಬ್ ಒತ್ತಿದ್ರೆ ಇಡೀ ಟೆಸ್ಟ್ ಕೇಸಿನ ಚೌಕಟ್ಟು ಬಂದು ಕೂರುತ್ತೆ, ಮತ್ತೆ ಟ್ಯಾಬ್ ಒತ್ತಿದ್ರೆ ಕರ್ಸರ್ ಹೆಸರು ತುಂಬೋ ಜಾಗಕ್ಕೆ ಹೋಗುತ್ತೆ. ಪ್ರಾಜೆಕ್ಟಿನ ಒಳಗೇ ಸ್ನಿಪೆಟ್ ಫೈಲ್ ಇಟ್ಟು ಕಮಿಟ್ ಮಾಡಿದ್ರೆ (ಗಿಟ್‌ನಲ್ಲಿ ದಾಖಲಿಸಿದ್ರೆ) ಟೀಮಿಗೆಲ್ಲಾ ಸಿಗುತ್ತೆ, ನಿಯೋವಿಮ್ ಅನ್ನೋ ಇನ್ನೊಂದು ಎಡಿಟರ್ ಬಳಸೋರಿಗೂ ಲುವಾಸ್ನಿಪ್ ಪ್ಲಗಿನ್ ಇದೇ ಫಾರ್ಮ್ಯಾಟ್ ಓದಿಕೊಡುತ್ತೆ. ಆದ್ರೆ ಅದು ಜೇಸನ್ (JSON) ಅನ್ನೋ ಡೇಟಾ ಫಾರ್ಮ್ಯಾಟಿನ ಫೈಲು, ಪ್ರತಿ ಸಾಲೂ ಕೊಟೇಶನ್ ಒಳಗಿರಬೇಕು, ಸಾಲಲ್ಲಿರೋ ಕೊಟೇಶನ್ನಿಗೆ ಬ್ಯಾಕ್‌ಸ್ಲ್ಯಾಶ್ ಹಾಕ್ಬೇಕು, ಡಾಲರ್ ಚಿಹ್ನೆಗೆ ಎರಡು ಬ್ಯಾಕ್‌ಸ್ಲ್ಯಾಶ್. ಶೆಲ್ ಸ್ಕ್ರಿಪ್ಟ್ (ಟರ್ಮಿನಲ್ ಕಮ್ಯಾಂಡುಗಳ ಫೈಲು) ತುಂಬಾ ಡಾಲರ್ರೇ ಇರೋದು, ಅದನ್ನ ಇಲ್ಲಿ ತುರುಕಿದ್ರೆ ಓದೋಕೂ ಆಗಲ್ಲ, ಓಡಿಸಿ ನೋಡೋಕೂ ಆಗಲ್ಲ. ಪದೇಪದೇ ಟೈಪ್ ಮಾಡೋ ಚೌಕಟ್ಟಿಗೆ ಮಾತ್ರ ಇದು ಸರಿ.

ಕೊನೇದು ಬರೀ ಫೋಲ್ಡರ್. ಒಂದು ಪ್ರೈವೇಟ್ ಗಿಟ್ ರೆಪೊ, ತುಣುಕಿಗೊಂದು ಫೈಲು, ಅದಕ್ಕೆ ಅದರದ್ದೇ ಎಕ್ಸ್‌ಟೆನ್ಶನ್ನು, ಫೈಲುಗಳ ಒಳಗೆ ಹುಡುಕೋಕೆ ರಿಪ್‌ಗ್ರೆಪ್ ಅನ್ನೋ ಟೂಲು. ನೋಡೋಕೆ ಏನೂ ಇಲ್ಲ ಇದರಲ್ಲಿ, ಆದ್ರೆ ಕೂಡಿಡೋಕೆ ಇದನ್ನ ಮೀರಿಸಿದ್ದು ನನಗೆ ಸಿಕ್ಕಿಲ್ಲ, ಯಾಕಂದ್ರೆ ಇಲ್ಲಿ ಫೈಲನ್ನ ಇದ್ದಲ್ಲೇ ಓಡಿಸಿ ನೋಡಬಹುದು, ಮೇಲ್ಗಡೆ ನಾಲ್ಕು ಸಾಲು ಕಾಮೆಂಟ್ ಬರೀಬಹುದು. ಇದು ಯಾತಕ್ಕೆ, ಯಾವ ಸಿಸ್ಟಮ್ಮಲ್ಲಿ ಯಾವ ವರ್ಷನ್ನಲ್ಲಿ ಓಡಿದೆ, ಎಲ್ಲಿಂದ ತಗೊಂಡಿದ್ದು, ಯಾವಾಗ ಕೈಕೊಡುತ್ತೆ. ಉದಾಹರಣೆಗೆ ಫೈಲುಗಳಲ್ಲಿ ಒಂದು ಪದ ತೆಗೆದು ಇನ್ನೊಂದು ಹಾಕೋ ಸೆಡ್ ಕಮ್ಯಾಂಡು. ಫೈಲನ್ನೇ ತಿದ್ದೋಕೆ ಲಿನಕ್ಸಲ್ಲಿ ಮೈನಸ್ ಐ (-i) ಒಂದೇ ಕೊಟ್ರೆ ಸಾಕು, ಮ್ಯಾಕ್‌ನ ಸೆಡ್ ಅದಾದ್ಮೇಲೆ ಬ್ಯಾಕಪ್ಪಿನ ಎಕ್ಸ್‌ಟೆನ್ಶನ್ ಕೇಳುತ್ತೆ, ಬೇಡ ಅಂದ್ರೆ ಖಾಲಿ ಕೊಟೇಶನ್ನಾದ್ರೂ ಕೊಡ್ಬೇಕು. ಕಾಮೆಂಟಲ್ಲಿ ಈ ಒಂದು ಸಾಲು ಇದ್ರೆ ತಗೊಂಡೋರಿಗೆ ಅರ್ಧ ಗಂಟೆ ಉಳಿಯುತ್ತೆ.

ಎಲ್ಲಿಂದ ತಗೊಂಡಿದ್ದು ಅನ್ನೋದನ್ನ ಬರೆಯೋರು ಕಮ್ಮಿ, ನನಗೆ ಅದೇ ಎಲ್ಲಕ್ಕಿಂತ ಮುಖ್ಯ. ಕೋಡಿನ ಪ್ರಶ್ನೋತ್ತರದ ಸೈಟು ಸ್ಟಾಕ್ ಓವರ್‌ಫ್ಲೋದ ಉತ್ತರಗಳು ಕ್ರಿಯೇಟಿವ್ ಕಾಮನ್ಸ್ ಲೈಸನ್ಸಲ್ಲಿರೋದು, ಬರೆದೋರ ಹೆಸರು ಹೇಳ್ಲೇಬೇಕು, ಅದು ಒಂದು ಕಾರಣ. ಇನ್ನೊಂದು ಕಾರಣ ನೋಡಿ, ಬೈಟ್ ಸಂಖ್ಯೆನ ಓದೋ ಹಂಗೆ ಕೆಬಿ, ಎಂಬಿ ಅಂತ ತೋರ್ಸೋ ಒಂದು ಜಾವಾ ತುಣುಕು 2010ರಲ್ಲಿ ಅಲ್ಲಿ ಬಂತು, ಸಾವಿರಾರು ಗಿಟ್‌ಹಬ್ ರೆಪೊಗಳಿಗೆ ಕಾಪಿ ಆಯ್ತು, 2019ರಲ್ಲಿ ಬರೆದವರೇ ಅದರಲ್ಲಿ ಬಗ್ ಇದೆ ಅಂತ ವಿವರವಾಗಿ ಹೇಳಿ ತಮ್ಮ ಉತ್ತರ ತಿದ್ದಿದ್ರು. 9,99,999 ಬೈಟ್ ಕೊಟ್ರೆ 1 ಎಂಬಿ ಅನ್ನೋ ಬದಲು 1000 ಕೆಬಿ ಅಂತಿತ್ತು. ಮೂಲ ಉತ್ತರ ಸರಿಹೋಯ್ತು, ಆದ್ರೆ ಲಿಂಕ್ ಇಟ್ಕೊಳ್ದೆ ಕಾಪಿ ಮಾಡಿದೋರಿಗೆ ಅದು ಗೊತ್ತಾಗೋದಾದ್ರೂ ಹೆಂಗೆ?

ಈಗ ನಂದು ಹಿಂಗೆ ನಡೀತಿದೆ: ಕೂಡಿಡೋದು ಫೋಲ್ಡರಲ್ಲಿ, ಯಾರಾದ್ರೂ ಕೇಳಿದ್ರೆ ಗಿಟ್‌ಹಬ್ ಕಮ್ಯಾಂಡ್ ಲೈನ್ ಟೂಲಿಂದ ಆ ಫೈಲನ್ನೇ ಗಿಸ್ಟ್ ಮಾಡಿ ಲಿಂಕ್ ಕಳಿಸ್ತೀನಿ. ಪಬ್ಲಿಕ್ ಅಂತ ಹೇಳ್ದೇ ಇದ್ರೆ ಅದು ಸೀಕ್ರೆಟ್ಟೇ ಮಾಡುತ್ತೆ, ಮೇಲಿನ ನಾಲ್ಕು ಸಾಲು ಕಾಮೆಂಟೂ ಕೋಡ್ ಜೊತೆಗೇ ಹೋಗುತ್ತೆ. ಇಬ್ರು ಮೂರು ಜನ ಅದೇ ತುಣುಕು ಕೇಳಿದ್ರು ಅಂದ್ರೆ ಅದನ್ನ ಟೀಮಿನ ರೆಪೊಗೆ ಸೇರಿಸಿ ಒಂದು ಟೆಸ್ಟ್ ಬರೆದುಬಿಡ್ತೀನಿ, ಆಮೇಲೆ ಯಾರೂ ಕಾಪಿ ಮಾಡೋ ಕೆಲಸನೇ ಇರಲ್ಲ, ಇಂಪೋರ್ಟ್ ಮಾಡ್ಕೊಂಡ್ರೆ ಆಯ್ತು.