ಹಬ್ಬಕ್ಕೊಂದು ಡಿಪಿ ಅಲಂಕಾರ: ಕೆಲವು ವರ್ಷ ಬಳಸಿದ ಮೇಲೆ ನನ್ನ ಅಭಿಪ್ರಾಯ

ದಾವಣಗೆರೆ, ಹರಿಹರ, ಚಿತ್ರದುರ್ಗದ ಕಡೆಯ ಒಂದಷ್ಟು ಜನ ಸೇರಿ ಚಾಟ್ ಆ್ಯಪ್ ಆದ ಡಿಸ್ಕಾರ್ಡ್‌ನಲ್ಲಿ ಒಂದು ಸರ್ವರ್, ಅಂದರೆ ಗುಂಪು, ನಡೆಸುತ್ತಿದ್ದೇವೆ. ಕೋಡಿಂಗ್ ಕಲಿಯುವವರು, ಗೇಮ್ ಆಡುವವರು, ಕೆಲಸಕ್ಕೆಂದು ಬೆಂಗಳೂರು ಸೇರಿದವರು, ಇನ್ನೂ ಕಾಲೇಜಿನಲ್ಲಿರುವವರು, ಎಲ್ಲರೂ ಇದ್ದಾರೆ. ಹಬ್ಬ ಬಂತೆಂದರೆ ಅಲ್ಲಿ ಸಾಲುಸಾಲಾಗಿ ಡಿಪಿಗಳ ಸುತ್ತ ಅಲಂಕಾರ ಏಳುತ್ತದೆ. ಡಿಸ್ಕಾರ್ಡ್ ಅಂಗಡಿಯಲ್ಲಿ ಕೊಳ್ಳುವ ಅಲಂಕಾರಗಳನ್ನು ನಾನು ಬಳಸಿದ್ದೇನೆ. ನಾವೇ ಮಾಡಿಕೊಂಡವನ್ನೂ ಬಳಸಿದ್ದೇನೆ, ಈಗಲೂ ಬಳಸುತ್ತಿದ್ದೇನೆ. ಇಷ್ಟು ದಿನದ ಬಳಕೆಯಲ್ಲಿ ಒಂದು ವಿಷಯ ಗಟ್ಟಿಯಾಗಿದೆ. ಎಲ್ಲರೂ ಒಟ್ಟಿಗೆ ಹಾಕಿ, ಹಬ್ಬ ಮುಗಿದ ಮೇಲೆ ಒಟ್ಟಿಗೆ ತೆಗೆಯುವ ಅಲಂಕಾರಕ್ಕೆ ಮಾತ್ರ ಕಳೆ ಇರುತ್ತದೆ.

ಮೊದಲು ಅಂಗಡಿಯ ವಿಷಯ. ಡಿಸ್ಕಾರ್ಡ್ ಶುರುವಾದದ್ದು 2015ರಲ್ಲಿ. ಡಿಪಿ ಅಲಂಕಾರಗಳನ್ನು ಮಾರುವ ಅಂಗಡಿ ಅದರಲ್ಲಿ ಬಂದದ್ದು 2023ರಲ್ಲಿ. ನೈಟ್ರೋ ಎಂಬ ಡಿಸ್ಕಾರ್ಡ್ ಚಂದಾ ಕಟ್ಟುವವರಿಗೆ ಬೆಲೆ ಕಡಿಮೆ. ಒಮ್ಮೆ ಕೊಂಡರೆ ಅದು ನಿಮ್ಮದೇ, ನೈಟ್ರೋ ನಿಲ್ಲಿಸಿದರೂ ಕೈಬಿಟ್ಟು ಹೋಗುವುದಿಲ್ಲ. ಕೆಲಸ ಬಹಳ ನಾಜೂಕಾಗಿದೆ. ಡಿಪಿ ದುಂಡಗಿದ್ದರೂ ಅಲಂಕಾರ ಆ ದುಂಡಿನ ಆಚೆಗೂ ಚಾಚಿಕೊಳ್ಳುತ್ತದೆ. ಚಾಟ್‌ನಲ್ಲಿ ಸುಮ್ನೆ ನಿಂತಿರುತ್ತದೆ, ಮೌಸ್ ತಂದಾಗ ಮಾತ್ರ ಅಲುಗುತ್ತದೆ. ಇದು ನನಗೆ ತುಂಬಾ ಹಿಡಿಸಿತು. ಪರದೆ ತುಂಬ ಡಿಪಿಗಳು ಒಟ್ಟಿಗೆ ಕುಣಿಯುತ್ತಿದ್ದರೆ ಮೆಸೇಜು ಓದುವುದು ಹೇಗೆ? ಅಷ್ಟೂ ಬೇಡ ಎನ್ನುವವರಿಗೆ ಆಕ್ಸೆಸಿಬಿಲಿಟಿ ಸೆಟ್ಟಿಂಗ್‌ನಲ್ಲಿ ಚಲನೆ ಕಡಿಮೆ ಮಾಡುವ ಆಯ್ಕೆ ಇದೆ. ಮೈಗ್ರೇನ್ ಇರುವ ಗೆಳೆಯರು ಯಾರಾದರೂ ಹೊಸದಾಗಿ ಸೇರಿದರೆ ನಾನು ಮೊದಲು ಹೇಳುವುದು ಇದನ್ನೇ.

ಆದರೆ ಕೊಂಡ ಅಲಂಕಾರಕ್ಕೆ ಕಾಲ ಅನ್ನುವುದು ಇರುವುದಿಲ್ಲ. ದುಡ್ಡು ಕೊಟ್ಟಿದ್ದೇವೆ, ಯಾಕೆ ತೆಗೆಯಬೇಕು ಎಂದು ಯಾರಿಗಾದರೂ ಅನಿಸುತ್ತದೆ, ತಪ್ಪೇನಿಲ್ಲ. ಹೀಗಾಗಿ ಅಕ್ಟೋಬರ್‌ನ ಕುಂಬಳಕಾಯಿ ಸಂಕ್ರಾಂತಿಯಲ್ಲೂ ಇರುತ್ತದೆ. ಡಿಸೆಂಬರ್‌ನ ಹಿಮ ಏಪ್ರಿಲ್‌ನಲ್ಲೂ ಬೀಳುತ್ತಿರುತ್ತದೆ. ಏಪ್ರಿಲ್‌ನಲ್ಲಿ ದಾವಣಗೆರೆಯ ಬಿಸಿಲು ಗೊತ್ತಲ್ವಾ? ಮಧ್ಯಾಹ್ನ ಪಿ.ಬಿ. ರಸ್ತೆಯಲ್ಲಿ ಒಂದು ಫರ್ಲಾಂಗ್ ನಡೆದು ಬಂದವರಿಗೆ ಡಿಪಿಯ ಮೇಲಿನ ಹಿಮ ಯಾವ ಋತುವನ್ನೂ ನೆನಪಿಸುವುದಿಲ್ಲ.

ಕಂಪ್ಯೂಟರ್ ಗೇಮ್ ಮಾರುವ ಸ್ಟೀಮ್‌ನ ಲೆಕ್ಕ ಬೇರೆ. ಅಲ್ಲಿ 2020ರ ಬೇಸಿಗೆ ಸೇಲ್ ಹೊತ್ತಿಗೆ ಪಾಯಿಂಟ್ಸ್ ಅಂಗಡಿ ಬಂತು. ಗೇಮ್ ಕೊಂಡಾಗ ಪ್ರತಿ ಒಂದು ಡಾಲರ್‌ಗೆ 100 ಪಾಯಿಂಟ್ ಸಿಗುತ್ತದೆ. ಡಿಪಿಗೆ ಹಾಕುವ ಫ್ರೇಮ್‌ಗೆ 2000 ಪಾಯಿಂಟ್ ಬೇಕು. ಅಂದರೆ 20 ಡಾಲರ್‌ನಷ್ಟು ಗೇಮ್ ಕೊಂಡವರಿಗೆ ಒಂದು ಫ್ರೇಮ್. ಹೇಗೂ ಗೇಮ್ ಕೊಳ್ಳುವವರಿಗೆ ಅದು ಕೊಸರು ಸಿಕ್ಕ ಹಾಗೆ. ಫ್ರೇಮ್‌ಗಾಗಿಯೇ ಗೇಮ್ ಕೊಳ್ಳಬೇಡಿ. ಇನ್ನೊಂದು ಮಾತು, ಸ್ಟೀಮ್ ಡಿಪಿ ಚೌಕ, ಡಿಸ್ಕಾರ್ಡ್ ಡಿಪಿ ದುಂಡು. ಒಂದಕ್ಕೆ ಬಿಡಿಸಿದ ಚಿತ್ರ ಇನ್ನೊಂದಕ್ಕೆ ಕೂರುವುದಿಲ್ಲ.

ನನಗೆ ತುಂಬಾ ಇಷ್ಟವಾದ ಮಾದರಿ ಇವೆರಡೂ ಅಲ್ಲ. ಪ್ರೋಗ್ರಾಂ ಬರೆಯುವವರಿಗೆಲ್ಲ ಗೊತ್ತಿರುವ ಪ್ರಶ್ನೋತ್ತರ ತಾಣ ಸ್ಟ್ಯಾಕ್ ಎಕ್ಸ್‌ಚೇಂಜ್‌ನಲ್ಲಿ ವಿಂಟರ್ ಬ್ಯಾಶ್ ಎಂಬ ಹಬ್ಬ ಹಲವು ವರ್ಷ ನಡೆಯಿತು. ಡಿಸೆಂಬರ್ ಮಧ್ಯದಿಂದ ಜನವರಿ ಮೊದಲ ದಿನಗಳವರೆಗೆ. ಪ್ರಶ್ನೆ ಕೇಳಿದರೆ, ಒಳ್ಳೆಯ ಉತ್ತರ ಬರೆದರೆ, ಓಟು ಹಾಕಿದರೆ ಒಂದೊಂದು ಟೋಪಿ ಸಿಗುತ್ತಿತ್ತು. ದುಡ್ಡಿಗೆ ಸಿಗುತ್ತಿರಲಿಲ್ಲ. ಟೋಪಿಯನ್ನು ಡಿಪಿಯ ಮೇಲೆ ಬೇಕಾದ ಕಡೆ ಎಳೆದು, ಓರೆ ಮಾಡಿ ಕೂರಿಸಬಹುದಿತ್ತು. ಟೋಪಿ ಇಷ್ಟವಿಲ್ಲದವರು ಎಲ್ಲವನ್ನೂ ಮರೆಮಾಡಬಹುದಿತ್ತು. ಹಬ್ಬ ಮುಗಿದ ದಿನ ಎಲ್ಲರ ತಲೆಯೂ ಖಾಲಿ. ಇಷ್ಟು ಒಳ್ಳೆಯ ಕಟ್ಟುಪಾಡು ನಾನು ಬೇರೆಲ್ಲೂ ನೋಡಿಲ್ಲ.

ಫೇಸ್‌ಬುಕ್‌ನಲ್ಲೂ ಇದಕ್ಕೆ ಹತ್ತಿರದ ಒಂದು ಸೌಲಭ್ಯ ನೋಡಿದ್ದೆ. ಪ್ರೊಫೈಲ್ ಚಿತ್ರವನ್ನು ಇಷ್ಟು ದಿನಕ್ಕೆ ಮಾತ್ರ ಎಂದು ಗೊತ್ತುಮಾಡಬಹುದು, ಅವಧಿ ಮುಗಿದ ಮೇಲೆ ಹಳೆಯ ಚಿತ್ರ ತಾನೇ ವಾಪಸ್ ಬರುತ್ತದೆ. ರಾಜ್ಯೋತ್ಸವದ ಹಳದಿ ಕೆಂಪು ಫ್ರೇಮ್ ಹಾಕಿದವರಿಗೆ ಇದು ಬಹಳ ಅನುಕೂಲ.

ನಮ್ಮ ಸರ್ವರ್‌ನಲ್ಲಿ ದುಡ್ಡಿಲ್ಲದೆ ಸಿಗುವುದು, ಹಬ್ಬ ಮುಗಿದಾಗ ಇಳಿಯುವುದು, ಈ ಎರಡೂ ಗುಣ ಬೇಕೆಂದು ನಾವೇ ಮಾಡಿಕೊಳ್ಳಲು ಶುರುಮಾಡಿದೆವು. ದಾವಣಗೆರೆಯ ದೃಶ್ಯಕಲಾ ಕಾಲೇಜಿನಲ್ಲಿ ಓದಿದ ಹುಡುಗಿಯೊಬ್ಬಳು ಚಿತ್ರ ಬಿಡಿಸುವ ತಂತ್ರಾಂಶ ಇಂಕ್‌ಸ್ಕೇಪ್‌ನಲ್ಲಿ ಬಿಡಿಸುತ್ತಾಳೆ. ಇನ್ನೊಬ್ಬರು ಪೈಥಾನ್‌ನ ಪಿಲ್ಲೋ ಎಂಬ ಚಿತ್ರ ತಿದ್ದುವ ಲೈಬ್ರರಿ ಬಳಸಿ ಒಂದು ಬಾಟ್, ಅಂದರೆ ತಾನೇ ಕೆಲಸ ಮಾಡುವ ಪ್ರೋಗ್ರಾಂ, ಬರೆದರು. ಚಾನೆಲ್‌ಗೆ ನಿಮ್ಮ ಫೋಟೊ ಹಾಕಿದರೆ ಸಾಕು, ಬಾಟ್ ಅದರ ಮೇಲೆ ಚೌಕಟ್ಟು ಅಂಟಿಸಿ ವಾಪಸ್ ಕೊಡುತ್ತದೆ. ಅದನ್ನು ಇಳಿಸಿಕೊಂಡು ಡಿಪಿಯಾಗಿ ಹಾಕಿಕೊಳ್ಳುವುದು ನಿಮ್ಮ ಕೆಲಸ. ನೈಟ್ರೋ ಬೇಡ, ದುಡ್ಡು ಬೇಡ. ಅಪ್ಪ ಅಮ್ಮನ ಕೈಯಿಂದ ರೀಚಾರ್ಜ್‌ಗೆ ದುಡ್ಡು ಕೇಳುವ ಹುಡುಗರೂ ನಮ್ಮಲ್ಲಿದ್ದಾರೆ. ಹಬ್ಬದ ದಿನ ಅವರ ಡಿಪಿ ಮಾತ್ರ ಬೋಳಾಗಿ ಕಾಣಬಾರದು ಎಂಬುದೇ ಇದರ ಮೊದಲ ಉದ್ದೇಶವಾಗಿತ್ತು, ಅದು ಚೆನ್ನಾಗಿ ಈಡೇರಿದೆ.

ಯುಗಾದಿಯ ಚೌಕಟ್ಟು ಹೇಗೆ ತಯಾರಾಯಿತು ಎಂದು ಹೇಳಲೇಬೇಕು. ಮೊದಲ ಚಿತ್ರದಲ್ಲಿ ಸುತ್ತಲೂ ಬೇವಿನ ಹೂ, ಮೇಲೆ ಮಾವಿನ ತೋರಣ, ಕೆಳಗೆ ಬಟ್ಟಲಲ್ಲಿ ಬೆಲ್ಲ. ದೊಡ್ಡದಾಗಿ ನೋಡಿದರೆ ಕಣ್ಣು ತುಂಬುತ್ತಿತ್ತು. ಆದರೆ ಕಂಪ್ಯೂಟರಿನಲ್ಲಿ ಚಾಟ್‌ನ ಡಿಪಿ ಕಾಣುವುದು 40 ಪಿಕ್ಸೆಲ್ ಅಗಲಕ್ಕೆ, ಬದಿಯ ಸದಸ್ಯರ ಪಟ್ಟಿಯಲ್ಲಿ ಇನ್ನೂ ಕಡಿಮೆ, 32. ಅಷ್ಟು ಚಿಕ್ಕದಾದಾಗ ಬೇವಿನ ಹೂ ಬಿಳಿ ಧೂಳಿನ ಹಾಗೆ ಆಯಿತು. ಬೆಲ್ಲ ಯಾರದೋ ಗಡ್ಡದ ಹಾಗೆ ಕಂಡಿತು. ಡಿಸ್ಕಾರ್ಡ್ ಬಳಸುವವರು ಜಾಸ್ತಿ ಜನ ಕಪ್ಪು ಥೀಮ್‌ನಲ್ಲಿರುತ್ತಾರೆ. ಮಾವಿನೆಲೆಯ ಗಾಢ ಹಸಿರು ಆ ಕಪ್ಪಿನಲ್ಲಿ ಕರಗಿಯೇ ಹೋಯಿತು. ನಾವು ಹಾಕುವ ಚಿತ್ರ ದುಂಡಿನೊಳಗೇ ಕತ್ತರಿಸಲ್ಪಡುತ್ತದೆ, ಅಂಗಡಿಯವರ ಅಲಂಕಾರದ ಹಾಗೆ ಹೊರಗೆ ಚಾಚುವಂತಿಲ್ಲ. ಆದ್ದರಿಂದ ತೋರಣದ ತುದಿಗಳೂ ಹಾರಿಹೋದವು.

ಬಿಡಿಸಿದ ಹುಡುಗಿ ಎಲ್ಲ ತೆಗೆದುಹಾಕಿದಳು. ಉಳಿಸಿದ್ದು ಐದು ಮಾವಿನೆಲೆ. ಮೇಲಿನ ಅಂಚಿನಿಂದ ಒಳಮುಖವಾಗಿ ಇಳಿಬಿಟ್ಟಳು. ಎಳೆ ಎಲೆಯ ಬಣ್ಣ ಕೊಟ್ಟಳು, ಪ್ರತಿ ಎಲೆಗೂ ತೆಳು ಹಳದಿ ಗೆರೆ ಎಳೆದಳು. ನಡುವಿನ ಎಲೆ ಉದ್ದ, ಬದಿಯವು ಗಿಡ್ಡ. ಈಗ ಫೋನಿನ ಚಿಕ್ಕ ಪರದೆಯಲ್ಲೂ ನೋಡಿದ ತಕ್ಷಣ ಯುಗಾದಿ ಎಂದು ಗೊತ್ತಾಗುತ್ತದೆ. ಮುಖವೂ ಮುಚ್ಚುವುದಿಲ್ಲ. ಇಷ್ಟು ಕಡಿಮೆಯಲ್ಲಿ ಇಷ್ಟು ಹೇಳುವ ಚಿತ್ರ ಅಂಗಡಿಯಲ್ಲಿ ನನಗೆ ಸಿಕ್ಕಿಲ್ಲ.

ಸುಲಭವಲ್ಲದ ತಿಂಗಳು ನವೆಂಬರ್. ಒಂದನೇ ತಾರೀಖು ರಾಜ್ಯೋತ್ಸವ. 11ಕ್ಕೆ ಓಬವ್ವ ಜಯಂತಿ, ಸರ್ಕಾರ 2021ರಿಂದ ಆಚರಿಸುತ್ತಿದೆ. ಇದರ ನಡುವೆಯೇ ಕಾರ್ತಿಕದ ದೀಪಗಳು. ಓಬವ್ವನ ಚೌಕಟ್ಟು ಬೇಕೇಬೇಕು ಎಂದವರು ದುರ್ಗದವರು. ಕೋಟೆಯ ಕಿಂಡಿ ಬಿಡಿಸಬೇಕೆ, ಬಂಡೆ ಬಿಡಿಸಬೇಕೆ ಎಂದು ಸಾಕಷ್ಟು ಚರ್ಚೆ ಆಯಿತು. ಕೊನೆಗೆ ಒಂದು ಒನಕೆ ಮಾತ್ರ, ಬಲ ಅಂಚಿನಲ್ಲಿ ಸ್ವಲ್ಪ ಓರೆಯಾಗಿ. ಅದನ್ನು ಹಾಕಿಕೊಂಡರೆ ಯಾರ ಫೋಟೊ ಆದರೂ ಒನಕೆ ಹಿಡಿದು ನಿಂತಂತೆ ಕಾಣುತ್ತದೆ. ಸರ್ವರ್‌ನ ಹೆಣ್ಣುಮಕ್ಕಳು ಅದನ್ನು ತೆಗೆಯಲು ಸುತರಾಂ ಒಪ್ಪುವುದಿಲ್ಲ, ಆದರೂ ಕಾರ್ತಿಕದ ದೀಪಕ್ಕೆ ಜಾಗ ಬಿಡಬೇಕಲ್ಲ. ಆ ದೀಪ ಸುಮ್ನೆ ಸಿಗುವುದಿಲ್ಲ. ಕಿರಿಯರ ಕೋಡಿಂಗ್ ಡೌಟ್ ಒಂದನ್ನಾದರೂ ಬಿಡಿಸಿದವರಿಗೆ ಬಾಟ್ ದೀಪ ಕೊಡುತ್ತದೆ. ವಿಂಟರ್ ಬ್ಯಾಶ್‌ನಿಂದ ಕಲಿತದ್ದು ಇದು. ಆ ತಿಂಗಳು ಡೌಟ್ ಚಾನೆಲ್‌ನಲ್ಲಿ ಉತ್ತರವಿಲ್ಲದೆ ಉಳಿಯುವ ಪ್ರಶ್ನೆ ಸಿಗುವುದೇ ಕಷ್ಟ.

ದುಗ್ಗಮ್ಮನ ಜಾತ್ರೆ ದಾವಣಗೆರೆಯಲ್ಲಿ ಎರಡು ವರ್ಷಕ್ಕೊಮ್ಮೆ. ಆದ್ದರಿಂದ ಆ ಚೌಕಟ್ಟೂ ಎರಡು ವರ್ಷಕ್ಕೊಮ್ಮೆ. ಮಧ್ಯದ ವರ್ಷ ಯಾರು ಕೇಳಿದರೂ ಬಾಟ್ ಕೊಡುವುದಿಲ್ಲ. ಅರಿಶಿನದ ಬಣ್ಣ, ಬೇವಿನ ಸೊಪ್ಪು, ಬಿಡಿಸಿದ್ದು ಅಷ್ಟೇ. ದೂರದ ಊರಿನಲ್ಲಿ ಕೂತು ಜಾತ್ರೆಗೆ ರಜೆ ಸಿಗದವರೇ ಇದನ್ನು ಮೊದಲು ಹಾಕುತ್ತಾರೆ. ಯಾರು ಊರಿಗೆ ಬರುತ್ತಿದ್ದೀರಿ, ಯಾವ ಬಸ್ಸು, ಯಾರ ಮನೆಯಲ್ಲಿ ಊಟ ಎಂಬ ಮಾತೆಲ್ಲ ಅಲ್ಲಿಂದಲೇ ಶುರುವಾಗುತ್ತದೆ. ಅಂಗಡಿಯ ಅಲಂಕಾರ ಎಷ್ಟೇ ಚೆಂದವಿರಲಿ, ಅದನ್ನು ನೋಡಿ ಯಾರೂ ಯಾರನ್ನೂ ಊಟಕ್ಕೆ ಕರೆದದ್ದನ್ನು ನಾನು ಕಂಡಿಲ್ಲ.

2025ರಲ್ಲಿ ಮಾರ್ಚ್ 30ಕ್ಕೆ ಯುಗಾದಿ ಬಂತು, ಮರುದಿನವೇ ರಂಜಾನ್ ಹಬ್ಬ. ಎರಡು ಚೌಕಟ್ಟು ಬೇಕಿತ್ತು, ಬದಲಾಯಿಸಲು ಇದ್ದದ್ದು ಒಂದೇ ರಾತ್ರಿ. ಚಂದ್ರ ಕಂಡ ಮೇಲೆ ತಾನೆ ಹಬ್ಬ ಗೊತ್ತಾಗುವುದು, ಬಾಟ್‌ಗೆ ಮೊದಲೇ ತಾರೀಖು ಹೇಳಿ ಇಡುವಂತಿರಲಿಲ್ಲ. ಆಗ ಚಿತ್ರ ಬಿಡಿಸುವ ಹುಡುಗಿ ಐದು ಎಲೆಯ ಪಕ್ಕದಲ್ಲಿ, ಎಡ ಕೆಳಗಿನ ಅಂಚಿಗೆ ಒಂದು ತೆಳುವಾದ ಚಂದ್ರನನ್ನು ಕೂರಿಸಿದಳು. ದುಂಡು ಡಿಪಿಯ ಅಂಚೇ ಚಂದ್ರನ ಹೊರ ಗೆರೆಯಾಯಿತು. ಅಷ್ಟು ಹೊಂದಿಕೊಂಡು ಕೂತ ಚಿತ್ರ ನಮ್ಮ ಸರ್ವರ್‌ನಲ್ಲಿ ಇನ್ನೊಂದಿಲ್ಲ. ಎರಡೂ ದಿನ ಎಲ್ಲರೂ ಅದನ್ನೇ ಹಾಕಿಕೊಂಡರು.

ನೀವೂ ಇಂಥದ್ದು ಮಾಡುವುದಾದರೆ ಒಂದೆರಡು ಎಚ್ಚರಿಕೆ. ಹಬ್ಬದ ಫ್ರೇಮ್ ಕೊಡುತ್ತೇವೆ ಎನ್ನುವ ಯಾವ್ಯಾವುದೋ ಆ್ಯಪ್‌ಗಳನ್ನು ಹಾಕಿಕೊಳ್ಳಬೇಡಿ. ನಾನು ನೋಡಿದ ಒಂದು ಆ್ಯಪ್ ಫ್ರೇಮ್ ಹಾಕಲು ಫೋನಿನ ಕಾಂಟ್ಯಾಕ್ಟ್‌ಗಳನ್ನು ಓದುವ ಅನುಮತಿ ಕೇಳಿತು. ಫ್ರೇಮ್‌ಗೂ ಕಾಂಟ್ಯಾಕ್ಟ್‌ಗೂ ಏನು ಸಂಬಂಧ? ನಿಮ್ಮ ಬಾಟ್ ಕೂಡ ಸದಸ್ಯರ ಫೋಟೊ ಉಳಿಸಿಕೊಳ್ಳದ ಹಾಗೆ ಬರೆಯಿರಿ, ಅದರಲ್ಲೂ ಚಿಕ್ಕ ಹುಡುಗರು ಇದ್ದರೆ. ಮೂಲ ಫೋಟೊ ತೆಗೆದಿಟ್ಟುಕೊಳ್ಳಲು ಎಲ್ಲರಿಗೂ ಹೇಳಿ, ಇಲ್ಲದಿದ್ದರೆ ಹಬ್ಬ ಮುಗಿದ ಮೇಲೆ ಹಳೆ ಡಿಪಿ ಹುಡುಕುತ್ತಾ ಕೂರುತ್ತಾರೆ. ತೆಗೆಯುವ ದಿನ ಬಾಟ್ ಒಂದು ಮೆಸೇಜು ಹಾಕಲಿ. ಬಲವಂತ ಬೇಡ. ಅಲಂಕಾರ ಬೇಡವೆನ್ನುವವರನ್ನು ಯಾಕೆ ಎಂದು ಕೇಳಲೂ ಬೇಡಿ.

ನಕ್ಷತ್ರ ಕೊಡುವುದಾದರೆ ಅಂಗಡಿಯ ಅಲಂಕಾರಗಳ ಕೈಚಳಕಕ್ಕೆ ಐದಕ್ಕೆ ನಾಲ್ಕು, ಹಬ್ಬದ ಕಳೆಗೆ ಎರಡು. ನಮ್ಮ ಮನೆಯಲ್ಲೇ ಮಾಡಿದ್ದಕ್ಕೆ ಐದು.

ನಮ್ಮಲ್ಲಿ ಇನ್ನೂ ಆಗದೆ ಉಳಿದಿರುವುದು ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿ ತೇರಿನ ಚೌಕಟ್ಟು. ತೇರು ಎತ್ತರ, ಡಿಪಿ ದುಂಡು, ಹಾಗಾಗಿ ಬಿಡಿಸಿದ ಚಿತ್ರಗಳೆಲ್ಲ ತಲೆ ಕತ್ತರಿಸಿದ ಹಾಗೆ ಕಾಣುತ್ತಿವೆ. ತೇರಿನ ಗಾಲಿಯನ್ನೇ ಚೌಕಟ್ಟು ಮಾಡಿದರೆ ಹೇಗೆ ಎಂದು ಈಗ ಮಾತು ನಡೆದಿದೆ. ಚಳ್ಳಕೆರೆ ಕಡೆಯವರು ಯಾರಾದರೂ ಆ ಗಾಲಿಯನ್ನು ಹತ್ತಿರದಿಂದ ನೋಡಿ ಬಿಡಿಸಿಕೊಡುವುದಾದರೆ, ಫಾಲ್ಗುಣಕ್ಕೆ ಮೊದಲು ಕೊಡಿ. ಕಪ್ಪು ಥೀಮ್‌ನಲ್ಲಿ ಇಟ್ಟು, 40 ಪಿಕ್ಸೆಲ್‌ಗೆ ಇಳಿಸಿ ನೋಡಿಯೇ ಕಳಿಸಿ.