ಎಂಜಿನ್ ಇಲ್ಲದ ಬೋಟ್ ಮಾರಲು ಕೊಟ್ಟ ಯಾರ್ಡ್: ಐದಕ್ಕೆ ಎರಡೂವರೆ ಸ್ಟಾರ್

ಮೊದಲೇ ಹೇಳಿಬಿಡುತ್ತೇನೆ. ನಿಮ್ಮ ಬೋಟಿಗೆ ಎಂಜಿನ್ ಇದೆ, ಕೀ ತಿರುಗಿಸಿದರೆ ಗುಡುಗುತ್ತದೆ ಅಂದರೆ ಫ್ಲೋರಿಡಾದ ಟ್ಯಾಂಪಾ ಕಡೆಯ ಈ ಕನ್ಸೈನ್‌ಮೆಂಟ್ ಯಾರ್ಡಿಗೆ (ನಮ್ಮ ಬೋಟ್ ಇಟ್ಟುಕೊಂಡು ಕಮಿಷನ್‌ಗೆ ಮಾರಿಕೊಡುವ ಜಾಗ) ಧೈರ್ಯವಾಗಿ ಕೊಡಿ. ಎಂಜಿನ್ ಇಲ್ಲ ಅಂದರೆ ಬೇಡ. ಯಾರ್ಡಿನ ಹೆಸರು ಬರೆಯುತ್ತಿಲ್ಲ. ಅಲ್ಲಿಯವರು ಕೆಟ್ಟ ಜನ ಅಲ್ಲ, ಅವರ ವ್ಯವಹಾರದ ರೀತಿಯೇ ಇಂಥ ಬೋಟಿಗೆ ಹೊಂದುವುದಿಲ್ಲ.

ಬೋಟ್ ಯಾವುದು ಅಂತ ಹೇಳಬೇಕು ಅಲ್ವಾ. 1992ರ ಫಾರ್ಮುಲಾ 311 ಎಸ್‌ಆರ್-1. ಮೂವತ್ತೊಂದು ಅಡಿ, ಚೂಪು ಮೂಗು, ಆಳವಾದ ವಿ ಆಕಾರದ ತಳ. ಫಾರ್ಮುಲಾ ಶುರು ಮಾಡಿದವನು ಮಯಾಮಿಯ ಡಾನ್ ಅರೊನೊ, 1962ರಲ್ಲಿ. ಆಮೇಲೆ ಅದನ್ನು ಮಾರಿ ಡೊಂಜಿ, ಮ್ಯಾಗ್ನಮ್, ಸಿಗರೆಟ್ ಅಂತ ಒಂದರ ಹಿಂದೆ ಒಂದು ಕಂಪನಿ ಕಟ್ಟಿದ. ಫಾರ್ಮುಲಾ ಮಾತ್ರ 1976ರಲ್ಲಿ ಪೋರ್ಟರ್ ಕುಟುಂಬದ ಕೈಗೆ ಬಂತು. ತಯಾರಾಗುವುದು ಸಮುದ್ರವೇ ಇಲ್ಲದ ಇಂಡಿಯಾನಾದ ಡಿಕೇಟರ್ ಎಂಬ ಊರಿನಲ್ಲಿ! ನನ್ನ ಬೋಟಿನಲ್ಲಿ ಮೊದಲು ಎರಡು ಮರ್ಕ್ರೂಸರ್ 454 ಎಂಜಿನ್‌ಗಳಿದ್ದವು. ಒಂದರೊಳಗೆ ಉಪ್ಪುನೀರು ಹೋಗಿ ಕೆಟ್ಟಿತು. ಇನ್ನೊಂದನ್ನು ಹಿಂದಿನ ಮಾಲೀಕನೇ ಬಿಚ್ಚಿ ಮಾರಿದ್ದ. ಒಳಗಿನ ಎಂಜಿನ್ನಿನ ಶಕ್ತಿಯನ್ನು ಪ್ರೊಪೆಲ್ಲರಿಗೆ ಮುಟ್ಟಿಸುವ, ಹಿಂದೆ ನೇತಾಡುವ ಎರಡು ಬ್ರಾವೋ ಒನ್ ಡ್ರೈವ್‌ಗಳು, ಮೂರು ಆಕ್ಸಲ್‌ನ ಅಲ್ಯೂಮಿನಿಯಂ ಟ್ರೇಲರ್, ಇಷ್ಟು ಉಳಿದಿದ್ದವು. ಬೋಟಿನ ಹಿಂಬದಿಗೆ ಔಟ್‌ಬೋರ್ಡ್, ಅಂದರೆ ಹೊರಗಡೆ ತೂಗುಹಾಕುವ ಮೋಟರ್, ಹಾಕಿಸೋಣ ಅಂತ ತೆಗೆದುಕೊಂಡಿದ್ದೆ. ಆಮೇಲೆ ಮನೆ ಕೊಂಡೆವು. ಮನೆ ಸಾಲದ ಜೊತೆಗೆ ಮುನ್ನೂರು ಕುದುರೆಶಕ್ತಿಯ ಎರಡು ಮರ್ಕ್ಯುರಿ ಔಟ್‌ಬೋರ್ಡ್‌ಗಳು, ಒಂದೊಂದಕ್ಕೆ ಮೂವತ್ತು ಸಾವಿರ ಡಾಲರ್ ಆಚೀಚೆ... ಬೋಟ್ ಮಾರುವುದು ಅಂತ ತೀರ್ಮಾನವಾಯಿತು.

ಈಗ ಬೆಲೆಯ ವಿಷಯ. ಇಲ್ಲೇ ಯಾರ್ಡಿನವರಿಗೂ ನನಗೂ ಮೊದಲ ಜಗಳ.

ಯಾರ್ಡಿನ ಮ್ಯಾನೇಜರ್ ಕಂಪ್ಯೂಟರಿನಲ್ಲಿ ಬೆಲೆ ಪುಸ್ತಕ ತೆರೆದ. ಮೊದಲು ಎನ್‌ಎಡಿಎ ಗೈಡ್ ಅಂತಿತ್ತಲ್ಲ, ಈಗ ಜೆ.ಡಿ. ಪವರ್ ಹೆಸರಿನಲ್ಲಿ ಬರುತ್ತದೆ. ಅಲ್ಲಿದ್ದ ಅಂಕಿಯಿಂದ ಎಂಜಿನ್‌ಗಳಿಗೆ ಅಂತ ಒಂದಿಷ್ಟು ಕಳೆದು 15,000 ಡಾಲರ್ ಬರೆದ. ಈ ಲೆಕ್ಕದಲ್ಲಿ ಒಂದು ತೊಂದರೆ ಇದೆ. ಔಟ್‌ಬೋರ್ಡ್ ಬೋಟ್‌ಗಳಾದರೆ ಪುಸ್ತಕದಲ್ಲಿ ಹಲ್ (ಮೋಟರ್ ಬಿಟ್ಟು ಬರೀ ಬೋಟಿನ ಒಡಲು) ಬೆಲೆ ಬೇರೆ, ಮೋಟರ್ ಬೆಲೆ ಬೇರೆ. ನನ್ನದರಂತೆ ಎಂಜಿನ್ ಒಳಗೆ, ಡ್ರೈವ್ ಹೊರಗೆ ಇರುವ ಸ್ಟರ್ನ್‌ಡ್ರೈವ್ ಬೋಟ್‌ಗಳಿಗೆ ಹಾಗಲ್ಲ. ಎಂಜಿನ್ ಸೇರಿಸಿಯೇ ಒಂದು ಅಂಕಿ ಕೊಡುತ್ತಾರೆ. ಎಂಜಿನ್ ಇಲ್ಲದ 311ಕ್ಕೆ ಎಷ್ಟು ಅಂತ ಆ ಪುಸ್ತಕದಲ್ಲಿ ಉತ್ತರವೇ ಇಲ್ಲ. ಅವನು ಕಳೆದದ್ದು ಸುಮ್ನೆ ಅಂದಾಜು.

ನನ್ನ ಲೆಕ್ಕ ಹೀಗಿತ್ತು. ಓಡುವ ಸ್ಥಿತಿಯ ಇದೇ ಮಾದರಿಗೆ ಜಾಹೀರಾತುಗಳಲ್ಲಿ 25ರಿಂದ 30 ಸಾವಿರ ಕೇಳುತ್ತಿದ್ದರು. ಕೇಳುವುದು ಬೇರೆ, ಸಿಗುವುದು ಬೇರೆ, ಅದನ್ನು ಪಕ್ಕಕ್ಕಿಡಿ. ರೀಬಿಲ್ಡ್ ಮಾಡಿದ 454 ಒಂದಕ್ಕೆ ನನಗೆ ಸಿಕ್ಕ ಕೊಟೇಶನ್ ಹತ್ತು ಸಾವಿರದ ಮೇಲೆ. ಎರಡು ಬೇಕು. ಎಕ್ಸಾಸ್ಟ್, ವೈರಿಂಗ್, ಪಂಪು, ಮೌಂಟು, ಡ್ರೈವಿನ ಜೊತೆ ಎಂಜಿನ್ ಅಲೈನ್ ಮಾಡುವ ಕೂಲಿ, ಇದೆಲ್ಲ ಬೇರೆ. ಕೂಡಿಸಿ ಕಳೆದರೆ ಹಲ್‌ನ ಬೆಲೆ ಸೊನ್ನೆ, ಕೆಲವು ಸಲ ಸೊನ್ನೆಗಿಂತ ಕೆಳಗೆ! ಹಾಗಂತ ಇಂಥ ಬೋಟ್ ಯಾರೂ ಕೊಳ್ಳುವುದಿಲ್ಲವಾ? ಕೊಳ್ಳುತ್ತಾರೆ. ಕೊಳ್ಳುವವನು ಅಂಗಡಿ ಬೆಲೆಗೆ ಎಂಜಿನ್ ತರುವವನಲ್ಲ. ಅವನ ಶೆಡ್ಡಿನಲ್ಲಿ ಆಗಲೇ ಎರಡು ಎಂಜಿನ್ ಬಿದ್ದಿರುತ್ತವೆ. ಅವನಿಗೆ ಬೇಕಾದದ್ದು ಅವನ್ನು ಕೂರಿಸುವ ಜಾಗ. ಆದ್ದರಿಂದ ಇಲ್ಲದ ಎಂಜಿನ್ನಿಗೆ ಎಷ್ಟು ಕಳೆಯಬೇಕು ಅಂತ ತಲೆ ಕೆಡಿಸಿಕೊಳ್ಳಬಾರದು, ಬೋಟಿನ ಮೇಲೆ ಏನು ಉಳಿದಿದೆ ಅಂತ ಎಣಿಸಬೇಕು. ಡ್ರೈವ್‌ಗಳಿವೆಯಾ, ಅವನ್ನು ಬೋಟಿನ ಹಿಂಬದಿಗೆ ಹಿಡಿದಿಡುವ ಗಿಂಬಲ್ ಹೌಸಿಂಗ್ ಇದೆಯಾ, ಟ್ರಿಮ್ ಟ್ಯಾಬ್, ಸ್ಟೀರಿಂಗ್, ಎಡಕ್ಕೂ ಬಲಕ್ಕೂ ತಿರುಗುವ ಜೋಡಿ ಪ್ರೊಪೆಲ್ಲರ್ ಇವೆಯಾ. ಎಲ್ಲಕ್ಕಿಂತ ಮೊದಲು ಟ್ರೇಲರ್. ಈ ಸೈಜಿನ ಬೋಟಿಗೆ ಒಳ್ಳೆಯ ಟ್ರೇಲರ್ ಇದ್ದರೆ ಅದೇ ಅರ್ಧ ಬೆಲೆ.

ನಮ್ಮೂರು ಗಂಗೊಳ್ಳಿ. ಮಾವ ಮೀನುಗಾರಿಕೆ ಬೋಟುಗಳ ಎಂಜಿನ್ ಕೆಲಸ ಮಾಡಿಕೊಂಡು ಬಂದವರು. ಫೋನಿನಲ್ಲಿ ವಿಷಯ ಕೇಳಿದ ಅಮ್ಮ, "ಇಂಜಿನ್ ಇಲ್ದಿದ್ ಬೋಟ್ ಯಾರ್ ತಕಂತ್ರಾ ಮಾರಾಯ" ಅಂತ ನಕ್ಕರು. ಮಾವ ನಗಲಿಲ್ಲ. "ಹಿಂದಿನ ಹಲಗೆ ಗಟ್ಟಿ ಇದೆಯಾ?" ಅಂತ ಕೇಳಿದರು. ಟ್ಯಾಂಪಾದ ಮ್ಯಾನೇಜರ್ ಕೊನೆಯವರೆಗೂ ಈ ಪ್ರಶ್ನೆ ಕೇಳಲಿಲ್ಲ.

ಒಪ್ಪಂದದಲ್ಲಿ ಶೇ. 10 ಕಮಿಷನ್ ಅಂತ ದಪ್ಪ ಅಕ್ಷರದಲ್ಲಿತ್ತು. ಇಲ್ಲಿ ಬ್ರೋಕರ್‌ಗಳು ಸಾಮಾನ್ಯವಾಗಿ ಕೇಳುವುದು ಅಷ್ಟೇ. ಕೆಳಗೆ ಇನ್ನೊಂದು ಸಾಲಿತ್ತು: ಕನಿಷ್ಠ 2,000 ಡಾಲರ್. ಲಕ್ಷ ಡಾಲರಿನ ಬೋಟಿಗೆ ಈ ಸಾಲು ಲೆಕ್ಕಕ್ಕೇ ಬರುವುದಿಲ್ಲ. ಆರು ಸಾವಿರಕ್ಕೆ ಮಾರಾಟವಾಗುವ ಖಾಲಿ ಹಲ್‌ಗೆ ಅದು ಮೂರರಲ್ಲಿ ಒಂದು ಪಾಲು. ಮೊದಲ ಕೆಲವು ವಾರ ಜಾಗ ಪುಕ್ಕಟೆ, ಆಮೇಲೆ ತಿಂಗಳಿಗೆ ಬಾಡಿಗೆ. 15,000ಕ್ಕೆ ಹಾಕಿದರೆ ಕನಿಷ್ಠ ಮೊತ್ತ ದೊಡ್ಡದಾಗಿ ಕಾಣುವುದಿಲ್ಲ ಅನ್ನುವುದೂ ಆ ಬೆಲೆಗೆ ಒಂದು ಕಾರಣ ಅಂತ ನನಗೆ ಅನುಮಾನ. ನಾನು ಎಂಟು ಸಾವಿರ ಹಾಕಿ ಅಂದೆ. "ಮೇಲಿನಿಂದ ಇಳಿಸಬಹುದು, ಕೆಳಗಿನಿಂದ ಏರಿಸಲಾಗುವುದಿಲ್ಲ" ಅಂತ ಮ್ಯಾನೇಜರ್ ಬುದ್ಧಿ ಹೇಳಿದ.

ಜಾಹೀರಾತು ಬಂತು. ಬೋಟ್ ಟ್ರೇಡರ್ ಅನ್ನುವ ವೆಬ್‌ಸೈಟಿನಲ್ಲಿ, ಒಳ್ಳೆಯ ಫೋಟೋಗಳೊಂದಿಗೆ. ಮೂಗಿನ ಫೋಟೋ, ಡ್ಯಾಶ್‌ಬೋರ್ಡಿನ ಫೋಟೋ, ಕೆಂಪು ಪಟ್ಟೆಯ ಫೋಟೋ. ಎಂಜಿನ್ ಇಲ್ಲ ಅನ್ನುವುದು ಮಾತ್ರ ವಿವರಣೆಯ ಕೊನೆಯ ಸಾಲಿನಲ್ಲಿ. ಹಾಗಾಗಿ ಫೋನ್ ಮಾಡಿದವರೆಲ್ಲ ತಪ್ಪು ಜನ. ಬೋಟ್ ಎಷ್ಟು ಸ್ಪೀಡ್ ಹೋಗುತ್ತೆ ಅಂತ ಕೇಳುವವರೇ ಜಾಸ್ತಿ. ಕೆಲವರು ದೂರದಿಂದ ಡ್ರೈವ್ ಮಾಡಿಕೊಂಡು ಬಂದು, ಹ್ಯಾಚ್ ಎತ್ತಿ, ಖಾಲಿ ಗುಂಡಿ ನೋಡಿ ಬೈದುಕೊಂಡು ಹೋದರು. ಸರಿಯಾದ ಗಿರಾಕಿ ಹುಡುಕುವುದೇ "ಎಂಜಿನ್ ಇಲ್ಲ" ಅನ್ನುವ ಮಾತನ್ನು. ಅದನ್ನೇ ಮುಚ್ಚಿಟ್ಟರೆ ಅವನ ಕಣ್ಣಿಗೆ ಬೀಳುವುದಾದರೂ ಹೇಗೆ?

ಇನ್ನೊಂದು ಪ್ರಸಂಗ ಹೇಳಲೇಬೇಕು. ಒಬ್ಬ ಬಂದು, ಟ್ರೇಲರ್ ಬೇಡ, ನೀರಿಗಿಳಿಸಿ ಕೊಡಿ, ಬೇರೆ ಬೋಟಿಗೆ ಕಟ್ಟಿ ಎಳೆದುಕೊಂಡು ಹೋಗುತ್ತೇನೆ ಅಂದ. ಸೇಲ್ಸ್ ಹುಡುಗ ಸರಿ ಅಂತ ತಲೆಯಾಡಿಸಿದ. ನಾನು ಅಲ್ಲೇ ಇದ್ದದ್ದು ಒಳ್ಳೆಯದಾಯಿತು. ಬ್ರಾವೋದಲ್ಲಿ ಎಂಜಿನ್ನಿಗೆ ತಂಪು ನೀರು ಹೋಗುವ ದಾರಿ ಡ್ರೈವ್ ಮೂಲಕವೇ ಒಳಗೆ ಬರುತ್ತದೆ, ನೀರಿನ ಮಟ್ಟಕ್ಕಿಂತ ಕೆಳಗೆ. ಎಂಜಿನ್ ಬಿಚ್ಚಿದ ಮೇಲೆ ಆ ಹೋಸಿನ ತುದಿ ಬಾಯಿ ಬಿಟ್ಟುಕೊಂಡು ಬಿಲ್ಜಿನಲ್ಲಿ, ಅಂದರೆ ಬೋಟಿನ ಒಳತಳದಲ್ಲಿ, ಬಿದ್ದಿರುತ್ತದೆ. ಮುಚ್ಚದೆ ಇಳಿಸಿದರೆ ರ‍್ಯಾಂಪಿನ ಬುಡದಲ್ಲೇ ಮುಳುಗುತ್ತದೆ.

ಮಳೆಯದ್ದೂ ಅದೇ ಕಥೆ. ಫ್ಲೋರಿಡಾದ ಬೇಸಿಗೆ ಅಂದರೆ ಮಧ್ಯಾಹ್ನದ ಗುಡುಗು ಮಳೆ. ಎಂಜಿನ್ ಇಲ್ಲ, ಬ್ಯಾಟರಿ ಇಲ್ಲ, ಬಿಲ್ಜ್ ಪಂಪ್ ಓಡುವುದಿಲ್ಲ. ಇಂಥ ಬೋಟನ್ನು ಡ್ರೇನ್ ಪ್ಲಗ್ ತೆಗೆದು, ಮೂಗು ಎತ್ತಿ ನಿಲ್ಲಿಸಬೇಕು. ಇವರು ಪ್ಲಗ್ ಹಾಕಿ ಸಮತಟ್ಟಾಗಿ ನಿಲ್ಲಿಸಿದ್ದರು. ನಾನು ಹೋದಾಗ ಎಂಜಿನ್ ಗುಂಡಿಯಲ್ಲಿ ಮೊಣಕಾಲಿನವರೆಗೆ ನೀರು. ಹೇಳಿದ ತಕ್ಷಣ ಪ್ಲಗ್ ತೆಗೆದರು, ಕ್ಷಮೆಯನ್ನೂ ಕೇಳಿದರು. ಆದರೆ ಖಾಲಿ ಹಲ್‌ನಲ್ಲಿ ಮಾರಲಿಕ್ಕೆ ಇರುವುದೇ ಒಣಗಿದ ಟ್ರಾನ್ಸಮ್, ಅಂದರೆ ಮಾವ ಕೇಳಿದ ಆ ಹಿಂದಿನ ಹಲಗೆ. ಅದನ್ನೇ ನೆನೆಸಿಟ್ಟರೆ ಏನು ಉಳಿಯಿತು?

ಮೆಚ್ಚಬೇಕಾದ್ದನ್ನೂ ಹೇಳುತ್ತೇನೆ. ಕಾಗದಪತ್ರ ನೋಡಿಕೊಳ್ಳುವ ಕೌಂಟರಿನ ಹೆಂಗಸು ಅಪ್ಪಟ ಚಿನ್ನ. ಬೋಟಿನ ಟೈಟಲ್ (ಮಾಲೀಕತ್ವದ ಪತ್ರ) ಬೇರೆ, ಟ್ರೇಲರಿನ ಟೈಟಲ್ ಬೇರೆ. ಫ್ಲೋರಿಡಾದಲ್ಲಿ 2,000 ಪೌಂಡ್ ಮೇಲಿನ ಟ್ರೇಲರಿಗೂ ಟೈಟಲ್ ಬೇಕು. ನನ್ನ ಟ್ರೇಲರ್ ಇನ್ನೂ ಹಿಂದಿನವನ ಹೆಸರಿನಲ್ಲೇ ಇರುವುದನ್ನು ಮೊದಲ ದಿನವೇ ಹಿಡಿದಳು. ಟ್ರಾನ್ಸಮ್ಮಿನ ಬಲ ಮೇಲ್ತುದಿಯಲ್ಲಿ ಹನ್ನೆರಡು ಅಕ್ಷರಗಳ ಹಲ್ ನಂಬರ್ ಇರುತ್ತದೆ, ಫಾರ್ಮುಲಾ ಆದರೆ ಟಿಎನ್‌ಆರ್ ಅಂತ ಶುರು, ಕೊನೆಯ ಎರಡು ಅಂಕಿ ಮಾಡೆಲ್ ವರ್ಷ. ಅದನ್ನು ಟೈಟಲ್ ಜೊತೆ ಒಂದೊಂದೇ ಅಕ್ಷರವಾಗಿ ಹೋಲಿಸಿದಳು. ಎರಡೂವರೆ ಸ್ಟಾರಿನಲ್ಲಿ ಎರಡು ಅವಳದ್ದೇ.

ಬೋಟ್ ವಾಪಸ್ ತಂದೆ. ತರುವಾಗ ಟ್ರೇಲರಿನ ಮೂತಿ ಭಾರಕ್ಕೆ ನನ್ನ ಟ್ರಕ್ಕಿನ ಹಿಂಭಾಗ ಕುಸಿಯಿತು. ಒಂದೊಂದು 454 ಸುಮಾರು 450 ಕಿಲೋ. ಎರಡೂ ಹಿಂದಿನಿಂದ ಹೋದ ಮೇಲೆ ತೂಕವೆಲ್ಲ ಮುಂದಕ್ಕೆ ಬೀಳುತ್ತದೆ. ಬೋಟನ್ನು ಟ್ರೇಲರಿನ ಮೇಲೆ ಹಿಂದಕ್ಕೆ ಸರಿಸಿ ಕಟ್ಟಬೇಕು. ಯಾರ್ಡಿನಲ್ಲಿ ಇದನ್ನು ಯಾರೂ ಹೇಳಲಿಲ್ಲ.

ಆಮೇಲೆ ನಾನು ದುಡ್ಡು ಖರ್ಚು ಮಾಡಿದ್ದು ಬೋಟನ್ನು ಪರೀಕ್ಷಿಸಿ ವರದಿ ಬರೆದುಕೊಡುವ ಒಬ್ಬ ಮರೀನ್ ಸರ್ವೇಯರ್‌ಗೆ. ಅಡಿಗೆ ಇಷ್ಟು ಅಂತ ಫೀ, ಒಟ್ಟು ಏಳುನೂರು ಡಾಲರ್ ಚಿಲ್ಲರೆ. ಅದಕ್ಕೆ ಐದಕ್ಕೆ ಐದು. ಸರ್ವೇ ಮಾಡಿಸುವುದು ಕೊಳ್ಳುವವನ ಕೆಲಸ ಅಂತ ರೂಢಿ. ಆದರೆ ಎಂಜಿನ್ ಇಲ್ಲದ ಬೋಟಿಗೆ ನೀರಿನಲ್ಲಿ ಓಡಿಸಿ ನೋಡುವ ಸೀ ಟ್ರಯಲ್ ಇಲ್ಲ, ವಿಮೆ ಸಿಗುವುದು ಕಷ್ಟ, ಮೂವತ್ತು ವರ್ಷ ಹಳೆಯದಕ್ಕೆ ಬ್ಯಾಂಕ್ ಸಾಲವೂ ಕಷ್ಟ. ಬರುವವನು ನಗದು ಹಿಡಿದು ಬರುತ್ತಾನೆ, ಅನುಮಾನವನ್ನೂ ಹೊತ್ತು ಬರುತ್ತಾನೆ. ಅದರ ಮೇಲೆ 2022ರ ಇಯನ್, 2024ರ ಹೆಲೀನ್ ಮತ್ತು ಮಿಲ್ಟನ್ ಚಂಡಮಾರುತಗಳಾದ ಮೇಲೆ ಇಲ್ಲಿ ಎಲ್ಲರ ಮೊದಲ ಪ್ರಶ್ನೆ, "ಇದು ನೆರೆಯಲ್ಲಿ ಮುಳುಗಿದ್ದ ಬೋಟಾ?"

ಸರ್ವೇಯರ್ ಖಾಲಿ ಎಂಜಿನ್ ಗುಂಡಿಗೆ ಇಳಿದು ಖುಷಿಪಟ್ಟ. ಎಂಜಿನ್ ಇದ್ದರೆ ಕೈಯೂ ತೂರದ ಜಾಗ ಅದು. ಸ್ಟ್ರಿಂಜರ್‌ಗಳ (ತಳಕ್ಕೆ ಬಲ ಕೊಡುವ ಉದ್ದನೆಯ ತೊಲೆಗಳು) ಉದ್ದಕ್ಕೂ ಸಣ್ಣ ಸುತ್ತಿಗೆಯಿಂದ ಟಕ್ ಟಕ್ ಅಂತ ಬಡಿದು ಕೇಳಿದ. ಗಟ್ಟಿ ಇದ್ದರೆ ಸದ್ದು ಚುರುಕು, ಕೊಳೆತಿದ್ದರೆ ಮಂಕು. ಆ ಕಾಲದ ಬೋಟುಗಳ ಟ್ರಾನ್ಸಮ್ ಒಳಗೆ ಸಾಮಾನ್ಯವಾಗಿ ಪ್ಲೈವುಡ್. ಡ್ರೈವಿಗಾಗಿ ಕೊರೆದ ದೊಡ್ಡ ರಂಧ್ರದ ಅಂಚಿನಿಂದಲೇ ನೀರು ನುಗ್ಗುವುದು. ಎಡಗಡೆಯ ರಂಧ್ರದ ಕೆಳತುದಿಯಲ್ಲಿ ಮೀಟರ್ ತೇವ ತೋರಿಸಿತು, ಅಂಗೈ ಅಗಲದಷ್ಟು ಜಾಗ. ಉಳಿದದ್ದು ಒಣಗಿತ್ತು. ವರದಿಯಲ್ಲಿ ಎರಡನ್ನೂ ಬರೆದ. ಆ ಒದ್ದೆ ಜಾಗದ ಫೋಟೋವನ್ನೇ ನಾನು ಜಾಹೀರಾತಿನಲ್ಲಿ ಎರಡನೆಯದಾಗಿ ಹಾಕಿದೆ.

ಫೇಸ್‌ಬುಕ್ ಮಾರ್ಕೆಟ್‌ಪ್ಲೇಸಿನಲ್ಲಿ ನನ್ನ ಜಾಹೀರಾತಿನ ಮೊದಲ ಮಾತು: "ಎಂಜಿನ್‌ಗಳಿಲ್ಲ." ಆಮೇಲೆ ಏನೇನಿದೆ ಅಂತ. ಡ್ರೈವಿನ ಎಣ್ಣೆ ಬಸಿದು, ಹಾಲಿನ ಬಣ್ಣಕ್ಕೆ ತಿರುಗಿಲ್ಲ, ಅಂದರೆ ನೀರು ಸೇರಿಲ್ಲ ಅಂತ ತೋರಿಸುವ ಫೋಟೋ. ಟೈರಿನ ಮೇಲಿನ ನಾಲ್ಕಂಕಿಯ ತಾರೀಖು, ಅಂದರೆ ತಯಾರಾದ ವಾರ ಮತ್ತು ವರ್ಷ. ಎರಡೂ ಟೈಟಲ್ ಕೈಯಲ್ಲಿವೆ ಅನ್ನುವ ಸಾಲು. ಬೆಲೆ 7,500. ಬ್ಯಾಂಕ್ ಚೆಕ್ ಜಾಸ್ತಿ ಮೊತ್ತಕ್ಕೆ ಕಳಿಸುತ್ತೇನೆ, ಉಳಿದದ್ದು ವಾಪಸ್ ಕೊಡಿ ಅನ್ನುವ ಕಳ್ಳರು ಬಂದರು, ಬರುತ್ತಾರೆ, ಬ್ಲಾಕ್ ಮಾಡಿ ಮುಂದೆ ಹೋಗಿ.

ಕೊಂಡವನು ಒಕೀಚೋಬಿ ಕಡೆಯ ಮೆಕ್ಯಾನಿಕ್. ಬಿರುಗಾಳಿಯಲ್ಲಿ ಹಲ್ ಒಡೆದ ಬೋಟಿನಿಂದ ಬಿಚ್ಚಿದ ಎರಡು 454 ಅವನ ಶೆಡ್ಡಿನಲ್ಲಿದ್ದವು. ಬಂದವನು ಬಣ್ಣ ನೋಡಲಿಲ್ಲ, ಸೀಟು ನೋಡಲಿಲ್ಲ. ಟೇಪ್ ಹಿಡಿದು ಮೌಂಟುಗಳ ಅಂತರ ಅಳೆದ, ಗಿಂಬಲ್ ಬೇರಿಂಗ್ ಒಳಗೆ ಬೆರಳು ಹಾಕಿ ತಿರುಗಿಸಿದ, ಒದ್ದೆ ಜಾಗವನ್ನು ತನ್ನದೇ ಸುತ್ತಿಗೆಯಿಂದ ಬಡಿದ. 6,500 ಅಂದ. ಚೌಕಾಸಿ ಮಾಡಲಿಲ್ಲ, ಕೊಟ್ಟೆ. ಯಾರ್ಡಿನ ಮೂಲಕ ಇದೇ ಬೆಲೆಗೆ ಹೋಗಿದ್ದರೆ ಕನಿಷ್ಠ ಕಮಿಷನ್ ಮತ್ತು ಬಾಡಿಗೆ ಕಳೆದು ಕೈಗೆ ನಾಲ್ಕು ಸಾವಿರ ಬರುತ್ತಿತ್ತು.

ಬಿಡಿಬಿಡಿಯಾಗಿ ಮಾರಿದರೆ ಇನ್ನೂ ಜಾಸ್ತಿ ಬರುತ್ತಿತ್ತಲ್ಲ ಅಂತ ಗೆಳೆಯರು ಕೇಳುತ್ತಾರೆ. ಬರುತ್ತಿತ್ತು. ಡ್ರೈವ್‌ಗಳಿಗೆ ಗಿರಾಕಿ ಇದ್ದರು, ಟ್ರೇಲರಿಗಂತೂ ಸಾಲು ನಿಲ್ಲುತ್ತಿದ್ದರು. ಯಾರ್ಡಿನಿಂದ ಬೋಟ್ ಎತ್ತುವ ದಿನ ಆ ಮ್ಯಾನೇಜರೇ ಓಡಿ ಬಂದು, ಟ್ರೇಲರ್ ಮಾತ್ರ ಕೊಟ್ಟರೆ ಮೂರು ಸಾವಿರ ಕೊಡುತ್ತೇನೆ ಅಂದ. ಮೂವತ್ತೊಂದು ಅಡಿ ಫೈಬರ್‌ಗ್ಲಾಸನ್ನು ಏನು ಮಾಡಲಿ ಅಂತ ಕೇಳಿದೆ. ಕತ್ತರಿಸಿ ಕಸದ ಗುಂಡಿಗೆ ಸಾಗಿಸುವವರು ನನಗೆ ಗೊತ್ತು, ಅವರ ಚಾರ್ಜು ಮಾತ್ರ ನಿಮ್ಮದು ಅಂದ.