ಮ್ಯಾಕ್‌ಬುಕ್ ರಿಪೇರಿಗೆ ಕೊಡೋ ಮುಂಚೆ ಬಿಟ್ ನೋಡಿ

ಹಾಸನದಲ್ಲಿ ಹಳೇ ಮ್ಯಾಕ್‌ಬುಕ್ ಏರ್ ಇಟ್ಟುಕೊಂಡಿರುವವರು ದಯವಿಟ್ಟು ಇದನ್ನು ಓದಿ. ರಿಪೇರಿಗೆ ಕೊಡುವಾಗ ಅಂಗಡಿಯವರ ಕೈಯಲ್ಲಿ ಯಾವ ಬಿಟ್ (ಸ್ಕ್ರೂಡ್ರೈವರ್ ತುದಿಗೆ ಹಾಕುವ ಮೊನೆ) ಇದೆ ಅಂತ ಮೊದಲು ನೋಡಿ, ರೇಟು ಆಮೇಲೆ ಮಾತಾಡಿ.

ನನ್ನದು 2017ರ 13 ಇಂಚಿನ ಮಾಡೆಲ್. ಫ್ಯಾನ್ ಸದ್ದು ಜಾಸ್ತಿಯಾಗಿತ್ತು, ಧೂಳು ತೆಗೆದರೆ ಸಾಕಿತ್ತು. ಬಿ.ಎಂ. ರಸ್ತೆ ಕಡೆ ಒಂದು ಅಂಗಡಿಗೆ ಕೊಟ್ಟೆ. ಸಂಜೆ ವಾಪಸ್ ಬಂದಾಗ ಫ್ಯಾನ್ ಸರಿಯಾಗಿತ್ತು, ತಳದ ಪ್ಲೇಟು ಮಾತ್ರ ಒಂದು ಕಡೆ ಎದ್ದು ನಿಂತಿತ್ತು.

ಈ ಮಾಡೆಲ್‌ನ ತಳದಲ್ಲಿ 10 ಸ್ಕ್ರೂ ಇರುತ್ತವೆ. ತಲೆಯಲ್ಲಿ ಐದು ದಳದ ಪುಟ್ಟ ಹೂವಿನಂಥ ಗುಳಿ. ಇದು ಪೆಂಟಲೋಬ್, ಸೈಜು ಪಿ5, ಅಂದರೆ 1.2 ಮಿ.ಮೀ. ಒಳಗೆ ಬ್ಯಾಟರಿ ಹಿಡಿದಿರುವ ಸ್ಕ್ರೂಗಳು ಟಾರ್ಕ್ಸ್ ಟಿ5, ಅದಕ್ಕೆ ಆರು ಮೂಲೆ. ಎರಡಕ್ಕೂ ಬೇರೆ ಬೇರೆ ಬಿಟ್ ಬೇಕೇ ಬೇಕು. ಅಂಗಡಿಯವನನ್ನು ಕೇಳಿದ್ದಕ್ಕೆ "ಸ್ಟಾರ್ ಬಿಟ್ ಹಾಕಿದೀನಿ ಸಾರ್, ಎಲ್ಲಾ ಅದೇ" ಅಂದ. ಅದೇ ಅಲ್ಲ! ಸ್ಟಾರ್ ಅಂದರೆ ಟಾರ್ಕ್ಸ್. ಆರು ಮೂಲೆಯದನ್ನು ಐದು ದಳದೊಳಗೆ ಒತ್ತಿ ತಿರುಗಿಸಿದರೆ ದಳಗಳ ನಡುವಿನ ಅಂಚು ಸವೆದು ಹೋಗುತ್ತದೆ.

ಆಮೇಲೆ ಚಿಕ್ಕಮಗಳೂರಿನಲ್ಲಿ ರಿಪೇರಿ ಮಾಡುವ ಒಬ್ಬರು ಭೂತಗನ್ನಡಿ ಕೆಳಗಿಟ್ಟು ತೋರಿಸಿದರು. ಮೂರು ಸ್ಕ್ರೂಗಳಲ್ಲಿ ದಳವೇ ಇಲ್ಲ, ಸುಮ್ನೆ ಒಂದು ದುಂಡು ತೂತು. ಅಂಚಿನಲ್ಲಿ ಹೊಳೆಯುವ ಲೋಹದ ಪುಡಿ. ಸ್ಕ್ರೀನ್ ಮಡಚುವ ಹಿಂಜ್ ಹತ್ತಿರ ನಡುವೆ ಬರುವ ಎರಡು ಸ್ಕ್ರೂ ಉದ್ದ, ಉಳಿದ ಎಂಟು ಗಿಡ್ಡ. ಅದನ್ನೂ ಮೊದಲಿನ ಅಂಗಡಿಯವನು ಅದಲುಬದಲು ಮಾಡಿದ್ದ. ಪ್ಲೇಟು ಎದ್ದಿದ್ದು ಅದಕ್ಕೇ. ಚಿಕ್ಕಮಗಳೂರಿನವರು ಸುತ್ತ ಟೇಪ್ ಹಚ್ಚಿ, ಸವೆದ ತಲೆಯಲ್ಲಿ ಸಣ್ಣ ಕಟ್ಟರ್‌ನಿಂದ ಒಂದು ಗೀರು ಕೊರೆದು, ಚಪ್ಪಟೆ ಸ್ಕ್ರೂಡ್ರೈವರ್‌ನಲ್ಲಿ ನಿಧಾನವಾಗಿ ಬಿಚ್ಚಿದರು. ಲೋಹದ ಪುಡಿ ಒಳಗಿನ ಸರ್ಕ್ಯೂಟ್ ಬೋರ್ಡ್ ಮೇಲೆ ಬಿದ್ದರೆ ಶಾರ್ಟ್ ಆಗಬಹುದು. ಹಾಗಾಗಿ ಮನೆಯಲ್ಲಿ ಇದನ್ನು ಮಾಡಲು ಹೋಗಬೇಡಿ.

ಐಫೋನ್ ಇರುವವರಿಗೂ ಇದೇ ಮಾತು. ಚಾರ್ಜಿಂಗ್ ಪೋರ್ಟ್‌ನ ಎರಡೂ ಪಕ್ಕ ಇರುವುದು ಇದೇ ಆಕಾರದ ಸ್ಕ್ರೂ, 0.8 ಮಿ.ಮೀ.ಯದು. ಒಳಗೆ ಅಳತೆ ತಪ್ಪಿ ಉದ್ದದ ಸ್ಕ್ರೂ ಹಾಕಿದರೆ ಬೋರ್ಡ್‌ನೊಳಗಿನ ತಂತಿಗೆರೆಗಳೇ ಕತ್ತರಿಸಿ ಹೋಗುತ್ತವೆ, ಆಮೇಲೆ ಬೋರ್ಡ್ ರಿಪೇರಿಯೇ ಗತಿ.

ಕೊಡುವ ಮುಂಚೆ ತಳದ ಫೋಟೋ ತೆಗೆದಿಟ್ಟುಕೊಳ್ಳಿ. "ಪೆಂಟಲೋಬ್ ಇದೆಯಾ, ತೋರಿಸಿ" ಅಂತ ನೇರವಾಗಿ ಕೇಳಿ. ಇಲ್ಲ ಅಂದರೆ ನೀವೇ ಎಸ್2 ಅನ್ನುವ ಗಟ್ಟಿ ಸ್ಟೀಲಿನ ಬಿಟ್ ಒಂದನ್ನು ತರಿಸಿ ಜೊತೆಗೆ ಕೊಡಿ. ಮೆತ್ತನೆ ಲೋಹದ ಅಗ್ಗದ ಬಿಟ್ ಬೇಡ, ಅದು ತಾನೂ ಸವೆದು ಸ್ಕ್ರೂವನ್ನೂ ಸವೆಸುತ್ತದೆ. ಬಿಚ್ಚಿದ ಸ್ಕ್ರೂಗಳನ್ನು ಬಂದ ಜಾಗದ ಪ್ರಕಾರ ಜೋಡಿಸಿಡಲು ಹೇಳಿ. ಅದಕ್ಕೆ ಒಪ್ಪದ ಅಂಗಡಿಯಿಂದ ಲ್ಯಾಪ್‌ಟಾಪ್ ವಾಪಸ್ ತಗೊಂಡು ಬನ್ನಿ.